ಮಗಳ ಅಂಗೈಯಲ್ಲಿ ಸಿಬಿರು ಮುರಿದು ಒಳಗೇ ಉಳಿದಿದೆ, ಹೇಗೆ ತೆಗೆಯಲಿ?

ಪ್ರಶ್ನೆ:
ಮಗಳಿಗೆ 6 ವರ್ಷ. ನಿನ್ನೆ ಸಂಜೆ ಹಳೇ ಮರದ ಏಣಿ ಹಿಡಿದು ಜಾರಿ, ಅಂಗೈಗೆ ಸಿಬಿರು ಹೊಕ್ಕಿದೆ. ಹೆಬ್ಬೆರಳಿನ ಬುಡದಲ್ಲಿ, ಚರ್ಮದಡಿ ಕಪ್ಪು ಗೆರೆ ಕಾಣುತ್ತೆ. ಗಾಬರಿಯಲ್ಲಿ ಎರಡೂ ಕಡೆಯಿಂದ ಹಿಂಡಿಬಿಟ್ಟೆ, ಹೊರಗಿದ್ದ ತುದಿ ಮುರಿದುಹೋಯಿತು. ಈಗ ಸೂಜಿ ಅಂದರೆ ಸಾಕು, ಮುಷ್ಟಿ ಬಿಗಿದುಕೊಂಡು ಅಳ್ತಾಳೆ. ಬಿಸಿನೀರಲ್ಲಿ ನೆನೆಸಿಟ್ಟರೆ ತಾನೇ ಬರುತ್ತಾ?

ಉತ್ತರ 1:
ನೆನೆಸಬೇಡಿ ತಾಯಿ. 30 ವರ್ಷದಿಂದ ಮರಗೆಲಸ ಮಾಡ್ತಿದ್ದೀನಿ. ಮರ ನೀರು ಕುಡಿದು ಉಬ್ಬುತ್ತೆ, ಹಿಡಿದರೆ ಪುಡಿಯಾಗುತ್ತೆ. ಹಿಂಡೋದೂ ಬೇಡ. ಒಮ್ಮೆ ನಾನು ಹಿಂಡಿ ಹಿಂಡಿ ಸಿಬಿರು ಎರಡು ತುಂಡಾಗಿ, ತೋರುಬೆರಳು ಬಾತುಕೊಂಡು ವಾರವಿಡೀ ಉಳಿ ಹಿಡಿಯೋಕಾಗಲಿಲ್ಲ.

ಸೋಪು ಹಾಕಿ ತೊಳೆದು ಒರೆಸಿ. ಸೂಜಿ, ಚಿಮಟ ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಲಿ, ಆಗ ತುದಿ ಚೆನ್ನಾಗಿ ಗೊತ್ತಾಗುತ್ತೆ. ಯಾವ ಕಡೆಯಿಂದ ಹೊಕ್ಕಿದೆ ಅಂತ ಮೊದಲು ನೋಡಿ. ಆ ಬಾಯಿಯ ಹತ್ತಿರ ಸೂಜಿ ಮಲಗಿಸಿ ಹಿಡಿದು ಮೇಲ್ಪದರ ಮಾತ್ರ ಬಿಡಿಸಿ. ಅದು ಸತ್ತ ಚರ್ಮ, ನೋವಾಗಲ್ಲ. ರಕ್ತ ಬಂತೋ, ಆಳ ಹೋಗಿದ್ದೀರಿ ಅಂತಲೇ. ತುದಿ ಸಿಕ್ಕ ಮೇಲೆ ಹೊಕ್ಕ ಓರೆಯಲ್ಲೇ ಎಳೀರಿ. ನೆಟ್ಟಗೆ ಮೇಲಕ್ಕೆತ್ತಿದರೆ ಮತ್ತೆ ಮುರಿಯುತ್ತೆ.

ಉತ್ತರ 2:
ನಾನು ನರ್ಸ್. ಮೇಲಿನವರು ಹೇಳಿದ ಹಾಗೇ ಮಾಡಿ, ಆದರೆ ಹತ್ತು ನಿಮಿಷದಲ್ಲಿ ಸಿಗದಿದ್ದರೆ ಕೆದಕುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಮರದ ಚೂರು ಗಾಜಿನ ಹಾಗಲ್ಲ, ಒಳಗೆ ಉಳಿದರೆ ಬೇಗ ಕೀವಾಗುತ್ತೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣೋದೂ ಇಲ್ಲ, ಅಲ್ಟ್ರಾಸೌಂಡ್ ಬೇಕಾಗಬಹುದು. ಅದಕ್ಕೇ ಹೋದ ಕೂಡಲೇ ಮರದ್ದು ಅಂತ ಹೇಳಿ. ಧನುರ್ವಾಯು ಲಸಿಕೆ ಎಲ್ಲಾ ಆಗಿದೆಯಾ, ಕಾರ್ಡ್ ನೋಡಿ. ಕೆಂಪು ಹರಡಿದರೆ, ಜ್ವರ ಬಂದರೆ ಕಾಯಲೇಬೇಡಿ.

ಪ್ರಶ್ನೆ ಕೇಳಿದವರು:
ಬಂತು! ಭೂತಗನ್ನಡಿ ಅವಳ ಕೈಗೇ ಕೊಟ್ಟು "ಎಲ್ಲಿದೆ, ನೀನೇ ತೋರಿಸು" ಅಂದೆ. ನೋಡ್ತಾ ನೋಡ್ತಾ ಮುಷ್ಟಿ ತಾನೇ ಬಿಚ್ಚಿಕೊಂಡಿತು. ಸೂಜಿ ಮಲಗಿಸಿ ಎರಡು ಸಲ ಬಿಡಿಸೋಷ್ಟರಲ್ಲಿ ತುದಿ ಎದ್ದಿತು, ಓರೆಯಾಗಿ ಎಳೆದೆ, ಪೂರ್ತಿ ಬಂತು. ರೆಪ್ಪೆಕೂದಲಿಗಿಂತ ತುಸು ದಪ್ಪ, ಅಷ್ಟೇ. ಆ ಜಾಗ ಸವರಿ ನೋಡಿದೆ, ಚುಚ್ಚಲ್ಲಮ್ಮ ಅಂದಳು. ಮತ್ತೆ ತೊಳೆದು ಪಟ್ಟಿ ಅಂಟಿಸಿದ್ದೀನಿ. ಲಸಿಕೆಯೂ ಆಗಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.