42 ಮನೆಗಳ ಅಪಾರ್ಟ್‌ಮೆಂಟ್: ಗೊಬ್ಬರದ ಡ್ರಮ್ ನಾರುತ್ತಿದೆ, ಬಿಸಿ ಏರುತ್ತಿಲ್ಲ

ವಿಜಯನಗರ_ನಿವಾಸಿ:
ಮೈಸೂರಿನ ವಿಜಯನಗರ. ದಿನಕ್ಕೆ 22–25 ಕೆಜಿ ಹಸಿ ಕಸ ಬರುತ್ತೆ. 200 ಲೀಟರಿನ ನಾಲ್ಕು ಪ್ಲಾಸ್ಟಿಕ್ ಡ್ರಮ್, ಸುತ್ತ ತೂತು ಕೊರೆಸಿದ್ದೇವೆ. ದಿನಾ ಒಂದು ಕೆಜಿ ಮರದ ಹೊಟ್ಟು, ಜೊತೆಗೆ ಕಲ್ಚರ್ ಪುಡಿ (ಕಸ ಕೊಳೆಸುವ ಸೂಕ್ಷ್ಮಾಣು ಇರೋದು), ಹುಳಿ ಮಜ್ಜಿಗೆ. ಈಗ ಕೊಳೆತ ಮೊಟ್ಟೆಯ ವಾಸನೆ, ಕೆಳಗಿಂದ ಕಪ್ಪು ನೀರು, ಮೇಲೆಲ್ಲ ಹುಳು. ಮೊದಲ ಮಹಡಿಯವರು ನಿಲ್ಲಿಸಿ ಅಂತಿದ್ದಾರೆ. ಬೇರೆ ಕಂಪನಿಯ ಕಲ್ಚರ್ ತರಿಸಬೇಕಾ?

ತರಗೆಲೆ_ಮೂಟೆ:
ಕಲ್ಚರ್ ಬದಲಾಯಿಸಬೇಡಿ ಸರ್, ದುಡ್ಡು ದಂಡ. ಕಡಿಮೆ ಬಿದ್ದಿರೋದು ತರಗೆಲೆಯಂಥ ಒಣ ಪದಾರ್ಥ.

ಅಡುಗೆಮನೆ ಕಸದಲ್ಲಿ ಮುಕ್ಕಾಲು ಪಾಲು ನೀರೇ. ಅದು ಕುಸಿದು ಸಂದುಗಳಲ್ಲಿ ನೀರು ನಿಂತರೆ ಗಾಳಿ ಆಡಲ್ಲ. ಗಾಳಿ ಬೇಕಾದ ಸೂಕ್ಷ್ಮಾಣು ಸತ್ತು, ಗಾಳಿ ಇಲ್ಲದೆ ಬದುಕುವಂಥವು ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಮೊಟ್ಟೆ ವಾಸನೆ ಅದೇ. ಮಜ್ಜಿಗೆ ಹೊಯ್ದಷ್ಟೂ ತೇವ ಜಾಸ್ತಿ, ಇವತ್ತೇ ನಿಲ್ಲಿಸಿ. ಮೂಗು ಚುರುಗುಟ್ಟುವ ಅಮೋನಿಯಾ ವಾಸನೆ ಬಂದರೆ ಅದು ಬೇರೆ: ಸಾರಜನಕ ಹೆಚ್ಚಾಗಿದೆ ಅಂತ ಅರ್ಥ. ಅದಕ್ಕೂ ಮದ್ದು ಒಣ ಎಲೆಯೇ.

ಹತ್ತು ಕೆಜಿ ಹಸಿ ಕಸಕ್ಕೆ ಎರಡೂವರೆ ಕೆಜಿ ತರಗೆಲೆ ಬೇಕು. ಅಳತೆಯಲ್ಲಿ ಹೇಳೋದಾದ್ರೆ ಒಂದು ಬಕೆಟ್ ಹಸಿಗೆ ಒಂದರಿಂದ ಒಂದೂವರೆ ಬಕೆಟ್ ಒಣದು. ನಿಮಗೆ ದಿನಕ್ಕೆ ಸುಮಾರು ಆರು ಕೆಜಿ. ಮರದ ಹೊಟ್ಟು ಒಂದನ್ನೇ ನಂಬಬೇಡಿ, ಅದು ನುಣ್ಣಗಿದೆ, ನೆನೆದರೆ ಹಿಟ್ಟಿನ ಹಾಗೆ ಅಂಟಿ ಸಂದು ಮುಚ್ಚಿಬಿಡುತ್ತೆ.

ಈಗ ಮಾಡಬೇಕಾದ್ದು: ಡ್ರಮ್‌ಗಳನ್ನೆಲ್ಲ ಟಾರ್ಪಾಲಿನ ಮೇಲೆ ಸುರಿದು ಉಂಡೆ ಒಡೆಯಿರಿ, ಮುರಿದ ತರಗೆಲೆ ಬೆರೆಸಿ. ಒಂದು ಹಿಡಿ ತಗೊಂಡು ಬಿಗಿಯಾಗಿ ಹಿಂಡಿ. ಬೆರಳ ಸಂದಿಂದ ಒಂದೆರಡು ಹನಿ ಬಂದರೆ ತೇವ ಸರಿ. ಧಾರೆ ಇಳಿದರೆ ಇನ್ನೂ ಎಲೆ ಬೇಕು. ಹಳೇ ಗೊಬ್ಬರ ಎರಡು ಬಕೆಟ್ ಸೇರಿಸಿದ್ರೆ ಸಾಕು, ಕಲ್ಚರ್ ಕೆಲಸ ಅದೇ ಮಾಡುತ್ತೆ.

ಇಟ್ಟಿಗೆ_ತೊಟ್ಟಿ:
ಮೇಲಿನವರು ಹೇಳಿದ್ದು ಸರಿ, ಆದರೆ ಜಾಗವೂ ಸಾಲದು. ನಾಲ್ಕು ಡ್ರಮ್ ಅಂದ್ರೆ 800 ಲೀಟರ್. ಎಲೆ ಸೇರಿದರೆ ದಿನಕ್ಕೆ 70 ಲೀಟರ್ ಆಸುಪಾಸು. ಕಸ ಕುಗ್ಗಿದರೂ ಮೂರು ವಾರ ದಾಟಲ್ಲ. ಪಕ್ವ ಆಗೋಕೆ ಎರಡೂವರೆ–ಮೂರು ತಿಂಗಳು ಬೇಕು. ಸಣ್ಣ ರಾಶಿ ಹುಟ್ಟಿದ ಶಾಖವನ್ನು ಹಿಡಿದಿಟ್ಟುಕೊಳ್ಳುವುದೂ ಇಲ್ಲ.

ಮೂರು ತೊಟ್ಟಿ ಕಟ್ಟಿಸಿ: ಒಳಗೆ 4 ಅಡಿ ಉದ್ದ, 4 ಅಡಿ ಅಗಲ, ಮೂರೂವರೆ ಅಡಿ ಎತ್ತರ. ಇಟ್ಟಿಗೆ ನಡುವೆ ಸಂದು ಬಿಡಿ, ಮುಂದೆ ತೆಗೆದು ಹಾಕುವ ಹಲಗೆ. ಕೆಳಗೆ ಅರ್ಧ ಅಡಿ ಕಡ್ಡಿ, ತೆಂಗಿನ ಮಟ್ಟೆ ಚೂರು. ಮೇಲೆ ತಗಡು, ಅಂಚು ಎರಡಡಿ ಹೊರಚಾಚಿರಲಿ, ಇಲ್ಲದಿದ್ದರೆ ಸಂಜೆ ಮಳೆಯ ಎರಚಲು ಒಳಗೇ. ತಿಂಗಳಿಗೆ ಒಂದು ತುಂಬಿದರೆ ಮೊದಲನೆಯದು ಖಾಲಿ ಮಾಡುವ ಹೊತ್ತಿಗೆ ಸರಿಹೋಗುತ್ತೆ. ಶಾಖ 55–60 ಡಿಗ್ರಿಗೆ ಏರಬೇಕು. 45ಕ್ಕೆ ಇಳಿದಾಗ ರಾಶಿ ಮಗುಚಿ.

ವಿಜಯನಗರ_ನಿವಾಸಿ:
ತುಂಬಾ ಉಪಕಾರ. ಹುಳುವಿಗೆ ಫಿನಾಯಿಲ್ ಹಾಕಬಹುದಾ? ಅಷ್ಟು ತರಗೆಲೆ ಎಲ್ಲಿಂದ ತರೋದು?

ಮದ್ದೂರು_ತೆಂಗು:
ಫಿನಾಯಿಲ್, ಬ್ಲೀಚಿಂಗ್ ಯಾವುದೂ ಬೇಡ, ಗೊಬ್ಬರ ಮಾಡೋ ಜೀವಿಗಳೇ ಸಾಯ್ತವೆ. ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗುವ ಹುಳು ಆದರೆ ಬ್ಲ್ಯಾಕ್ ಸೋಲ್ಜರ್ ನೊಣದ್ದು. ಅದು ಕಸ ತಿನ್ನುತ್ತೆ, ಅದರ ನೊಣ ಮನೆಯ ಅನ್ನ ಸಾರಿನ ಮೇಲೆ ಕೂರಲ್ಲ. ದಿನಾ ಹಸಿ ಕಸ ಕಾಣದ ಹಾಗೆ ಮೂರು ಇಂಚು ಎಲೆ ಮುಚ್ಚಿ. ಮನೆನೊಣ ಮೊಟ್ಟೆ ಇಡೋಕೆ ಜಾಗ ಸಿಗಲ್ಲ.

ತರಗೆಲೆಯನ್ನ ಜನವರಿಯಿಂದ ಮಾರ್ಚ್‌ವರೆಗೆ ಕೂಡಿಟ್ಟುಕೊಳ್ಳಿ. ಹೊಂಗೆ ಮರದ ಕೆಳಗೆ ಗುಡಿಸಿ ಬೆಂಕಿ ಹಚ್ಚುವವರ ಹತ್ತಿರ ಮೂಟೆ ಕಟ್ಟಿ ಕೊಡಿ ಅಂತ ಕೇಳಿ. ತುಳಿದು ತುಂಬಿದ ಗೋಣಿಯಲ್ಲಿ ಎಂಟ್ಹತ್ತು ಕೆಜಿ ಹಿಡಿಯುತ್ತೆ, ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಮೂಟೆ ಬೇಕು. ಗೊಬ್ಬರದ ತೊಟ್ಟಿಗಿಂತ ಎಲೆ ಇಡೋ ಶೆಡ್ಡಿಗೇ ಜಾಸ್ತಿ ಜಾಗ ಬೇಕು ಅನ್ನೋದನ್ನ ಸಂಘದ ಸಭೆಯಲ್ಲಿ ಮೊದಲೇ ಹೇಳಿ. ಸಾಲದಿದ್ದರೆ ಮಂಡ್ಯ ಕಡೆಯ ಕಬ್ಬಿನ ತರಗು ಕತ್ತರಿಸಿ ಬಳಸಿ, ಬಹಳ ಕಡೆ ಗದ್ದೆಯಲ್ಲೇ ಸುಟ್ಟುಹಾಕ್ತಾರೆ. ತೆಂಗಿನ ನಾರಿನ ಪುಡಿ ತೇವ ಚೆನ್ನಾಗಿ ಹೀರುತ್ತೆ, ಎಲೆ ಜೊತೆ ಕಾಲು ಭಾಗ ಸಾಕು. ಭತ್ತದ ಹೊಟ್ಟು ತರಬೇಡಿ, ಬೇಗ ಕರಗಲ್ಲ.

ತರಗೆಲೆ_ಮೂಟೆ:
ವಿದ್ಯಾರಣ್ಯಪುರದ ಸೂಯೆಜ್ ಫಾರಂನಲ್ಲಿ ವರ್ಷಗಟ್ಟಲೆ ಬಿದ್ದ ಕಸದ ಗುಡ್ಡ ನಿಮ್ಮ ಮೊದಲ ಮಹಡಿಯವರಿಗೂ ಗೊತ್ತಿರುತ್ತೆ. ಇಲ್ಲಿ ನಿಲ್ಲಿಸಿದರೆ ನಮ್ಮ ಕಸವೂ ಅಂಥ ಗುಡ್ಡಕ್ಕೇ ಸೇರೋದು ಅಂತ ಹೇಳಿ, ಎರಡು ವಾರ ಸಮಯ ಕೇಳಿ. ಎಲೆ ಸರಿಯಾಗಿ ಬಿದ್ದರೆ ವಾಸನೆ ಮೂರ್ನಾಲ್ಕು ದಿನದಲ್ಲೇ ಇಳಿಯುತ್ತೆ.

ದಸರಾ ಬಗ್ಗೆ ಒಂದು ಮಾತು. ಆಯುಧಪೂಜೆ ಮಾರನೇ ದಿನ ಬಾಳೆಕಂದು, ಒಡೆದ ಬೂದುಗುಂಬಳ, ಹಾರ ಎಲ್ಲ ಒಟ್ಟಿಗೆ ಬರುತ್ತೆ, ಎಲ್ಲ ನೀರೇ ನೀರು. ಬಾಳೆಕಂದನ್ನ ಎರಡು ಇಂಚಿಗೆ ಕತ್ತರಿಸಿ ಎರಡು ದಿನ ಬಿಸಿಲಿಗೆ ಹರಡಿ, ಆಮೇಲೆ ಸ್ವಲ್ಪ ಸ್ವಲ್ಪ ಹಾಕಿ. ಹಾರದ ದಾರ ನೈಲಾನ್ ಆಗಿದ್ದರೆ ಮಗುಚುವ ಸಲಿಕೆಗೆ ಸುತ್ತಿಕೊಳ್ಳುತ್ತೆ, ಮೊದಲೇ ಎಳೆದು ತೆಗೀರಿ. ಕುಂಬಳದೊಳಗಿನ ನಾಣ್ಯವನ್ನೂ.