‘ಪೆಪ್ಪರ್’ ಎಂದರೆ ಕಾಳುಮೆಣಸೋ, ಹಿಪ್ಪಲಿಯೋ, ಮೆಣಸಿನಕಾಯಿಯೋ?

ಪ್ರಶ್ನೆ, ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಶಿರಸಿ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಕಂಡೇ ಬೆಳೆದ ನಮ್ಮ ಮಕ್ಕಳಿಗೆ ‘ಪೆಪ್ಪರ್’ ಎಂದರೆ ಕಾಳುಮೆಣಸು ಎನ್ನುವುದು ಕೂಡಲೇ ತಿಳಿಯುತ್ತದೆ. ಆದರೆ ಪಾಠದಲ್ಲಿ ದೊಣ್ಣೆಮೆಣಸಿನಕಾಯಿಗೆ ‘ಬೆಲ್ ಪೆಪ್ಪರ್’ ಎಂಬ ಹೆಸರು ಬಂದಾಗ, ಬಳ್ಳಿಯಲ್ಲಿ ಬಿಡುವ ಕಾಳಿಗೂ ಗಿಡದಲ್ಲಿ ಬಿಡುವ ಕಾಯಿಗೂ ಒಂದೇ ಹೆಸರೇಕೆ ಎಂದು ಅವರು ಕೇಳುತ್ತಾರೆ. ‘ಪೆಪ್ಪರ್‌ಕಾರ್ನ್’ ಎಂಬಲ್ಲಿ ಗೋವಿನಜೋಳ ಎಲ್ಲಿಂದ ಬಂತು ಎಂಬುದು ಇನ್ನೊಂದು ಪ್ರಶ್ನೆ. ಈ ಶಬ್ದದ ಮೂಲವನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ, ಕುಮಟಾದಿಂದ:

ಮಾಸ್ತರರೇ, ಈ ಶಬ್ದ ನಮ್ಮ ದೇಶದಿಂದಲೇ ಹೊರಟದ್ದು. ಆದರೆ ಹೊರಟಾಗ ಅದು ಕಾಳುಮೆಣಸಿನ ಹೆಸರಾಗಿರಲಿಲ್ಲ. ಸಂಸ್ಕೃತದಲ್ಲಿ ಕಾಳುಮೆಣಸು ‘ಮರೀಚ’, ಅದೇ ಬಳಗದ ಉದ್ದ ಕಾಯಿಯ ಹಿಪ್ಪಲಿ ‘ಪಿಪ್ಪಲೀ’. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ಆಯುರ್ವೇದದ ತ್ರಿಕಟು ಚೂರ್ಣದಲ್ಲಿ ಇವೆರಡನ್ನೂ ಬೇರೆಬೇರೆಯಾಗಿಯೇ ಎಣಿಸುತ್ತಾರೆ. ಈ ‘ಪಿಪ್ಪಲೀ’ ಪಶ್ಚಿಮಕ್ಕೆ ಸಾಗಿ ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’, ಹಳೆಯ ಇಂಗ್ಲಿಷಿನಲ್ಲಿ ‘ಪಿಪೊರ್’ ಆಯಿತು. ನಡುವೆ ‘ಲ’ಕಾರ ‘ರ’ಕಾರವಾದದ್ದು ಇರಾನಿನ ಭಾಷೆಗಳ ಮೂಲಕ ಎಂದು ವಿದ್ವಾಂಸರು ವಿವರಿಸುತ್ತಾರೆ. ಹಾಲು, ಹಲ್ಲುಗಳಲ್ಲಿ ಹಳಗನ್ನಡದ ‘ಪ’ಕಾರ ‘ಹ’ಕಾರವಾದಂತೆ ಕನ್ನಡದಲ್ಲಿ ‘ಪಿಪ್ಪಲಿ’ ‘ಹಿಪ್ಪಲಿ’ಯಾಗಿದೆ. ಆದ್ದರಿಂದ ಪೆಪ್ಪರ್ ಮತ್ತು ಹಿಪ್ಪಲಿ ಒಂದೇ ತಾಯಿಯ ಮಕ್ಕಳು.

ರೋಮನ್ನರು ಹಿಪ್ಪಲಿಯನ್ನೂ ಕಾಳುಮೆಣಸನ್ನೂ ಒಂದೇ ಹೆಸರಿನಿಂದ ಕರೆದರು. ಕ್ರಿಸ್ತಶಕ 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಬರೆದಿಟ್ಟ ಬೆಲೆಗಳ ಪ್ರಕಾರ ಒಂದು ಪೌಂಡು ಹಿಪ್ಪಲಿಗೆ 15 ದಿನಾರಿ (ರೋಮನ್ ಬೆಳ್ಳಿ ನಾಣ್ಯ), ಬಿಳಿಮೆಣಸಿಗೆ 7, ಕರಿಮೆಣಸಿಗೆ 4. ಮುಂದೆ ಯುರೋಪಿನ ಅಡುಗೆಯಲ್ಲಿ ಹಿಪ್ಪಲಿಯ ಬಳಕೆ ಕ್ರಮೇಣ ನಿಂತುಹೋಗಿ, ಅದರ ಹೆಸರು ಮಾತ್ರ ಅಗ್ಗದ ಕರಿಮೆಣಸಿಗೆ ಉಳಿಯಿತು. ಅಗ್ಗವೆಂದರೂ ಅದು ಸಾಮಾನ್ಯ ಸರಕಾಗಿರಲಿಲ್ಲ. 408ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಗೋಥರ ದೊರೆ ಅಲಾರಿಕ್ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿಗಳ ಜೊತೆಗೆ 3000 ಪೌಂಡು ಮೆಣಸೂ ಇತ್ತು.

‘ಕಾರ್ನ್’ ಎಂದರೆ ಮೂಲತಃ ಕಾಳು, ಧಾನ್ಯ ಎಂದಷ್ಟೇ ಅರ್ಥ. ಅಮೆರಿಕದಲ್ಲಿ ಅದು ಗೋವಿನಜೋಳಕ್ಕೆ ಸೀಮಿತವಾದದ್ದು ಆಮೇಲಿನ ಮಾತು. ಹೀಗಾಗಿ ‘ಪೆಪ್ಪರ್‌ಕಾರ್ನ್’ ಎಂಬುದು ನಮ್ಮ ‘ಮೆಣಸಿನ ಕಾಳು’ ಎಂಬುದಕ್ಕೆ ಸರಿಸಮವಾಗಿದೆ. ಹೆಸರಿಗೆ ಮಾತ್ರ ಇರುವ ಅತ್ಯಲ್ಪ ಬಾಡಿಗೆಯನ್ನು ಇಂಗ್ಲಿಷಿನ ಕರಾರುಪತ್ರಗಳಲ್ಲಿ ‘ಪೆಪ್ಪರ್‌ಕಾರ್ನ್ ರೆಂಟ್’ ಎನ್ನುತ್ತಾರೆ. ಭಾಷಣದ ತುಂಬ ಗಾದೆಗಳನ್ನು ಉದುರಿಸುವುದಕ್ಕೂ ‘ಪೆಪ್ಪರ್’ ಕ್ರಿಯಾಪದವಾಗಿ ಬರುತ್ತದೆ. ಹುರುಪು ಎಂಬರ್ಥದ ‘ಪೆಪ್’ ಇದರದೇ ಮೊಟಕು ರೂಪ.

ಉತ್ತರ, ಕಾರವಾರದಿಂದ:

ಮೆಣಸಿನಕಾಯಿಯ ವಿಷಯವನ್ನು ನಾನು ಸೇರಿಸುತ್ತೇನೆ. ಮೆಣಸಿನ ನಾಡನ್ನು ಅರಸಿ ಹೊರಟ ಕೊಲಂಬಸ್ ಕೆರಿಬಿಯನ್ ದ್ವೀಪಗಳಲ್ಲಿ ಖಾರದ ಕಾಯಿಯನ್ನು ಕಂಡು, ಇದು ಅಲ್ಲಿಯವರ ಮೆಣಸು ಎಂದು 1493ರ ಜನವರಿಯಲ್ಲಿ ಬರೆದುಕೊಂಡನು. ಸಸ್ಯವಾಗಿ ಇವೆರಡಕ್ಕೂ ಯಾವ ನಂಟೂ ಇಲ್ಲ. ಮೆಣಸಿನಕಾಯಿ ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ್ದು. ಇಂಗ್ಲಿಷಿನವರು ಕಾಯಿಗೂ ‘ಪೆಪ್ಪರ್’ ಎಂದೇ ಹೇಳತೊಡಗಿದರು. ಇದನ್ನು ಅವರ ಅಜ್ಞಾನವೆಂದು ಹೇಳುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ಪೋರ್ಚುಗೀಸರ ಹಡಗುಗಳಲ್ಲಿ ಅದೇ ಕಾಯಿ ನಮ್ಮ ಕರಾವಳಿಗೆ ಬಂದಾಗ ನಾವೂ ಹೀಗೆಯೇ ಮಾಡಿದೆವು. ಕನ್ನಡಿಗರು ಅದನ್ನು ಮೆಣಸಿನ ‘ಕಾಯಿ’ ಎಂದರು. ಕೊಂಕಣಿಗರು ‘ಮಿರಿ’ಗೆ ಕೋಡು ಎಂಬರ್ಥದ ‘ಸಾಂಗ’ವನ್ನು ಸೇರಿಸಿ ‘ಮಿರ್‌ಸಾಂಗ’ ಎಂದರು. ಸೂಜಿಮೆಣಸು ಎನ್ನುವಾಗ ‘ಕಾಯಿ’ಯೂ ಬಿಟ್ಟುಹೋಗಿ ಹಳೆಯ ಬಳ್ಳಿಯ ಹೆಸರಷ್ಟೇ ನಿಲ್ಲುತ್ತದೆ. ಹೊಸ ವಸ್ತುವಿಗೆ ಹೆಸರಿಡುವಾಗ ಎರಡೂ ಕಡೆಯ ಜನ ಗಿಡವನ್ನು ನೋಡದೆ ನಾಲಿಗೆಯ ಅನುಭವವನ್ನೇ ನಂಬಿದ್ದಾರೆ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನ್ಹಾ ದ ಪಿಮೆಂತಾ’, ಅಂದರೆ ಮೆಣಸಿನ ರಾಣಿ, ಎಂದು ಕರೆದದ್ದನ್ನೂ ಮಕ್ಕಳಿಗೆ ಹೇಳಬಹುದು. ಈ ‘ಪಿಮೆಂತಾ’ ಮಾತ್ರ ಹಿಪ್ಪಲಿಯ ಬಳಗದ್ದಲ್ಲ. ಬಣ್ಣ ಎಂಬರ್ಥದ ಲ್ಯಾಟಿನ್ ಶಬ್ದ ಮುಂದೆ ಸಾಂಬಾರ ಪದಾರ್ಥಕ್ಕೂ ಸಲ್ಲತೊಡಗಿ ಈ ರೂಪ ತಳೆಯಿತು.

ಪ್ರಶ್ನಿಸಿದವರು, ಶಿರಸಿಯಿಂದ:

ಇಬ್ಬರಿಗೂ ಕೃತಜ್ಞತೆಗಳು. ಮುಂದಿನ ಪಾಠಕ್ಕೆ ಒಣ ಹಿಪ್ಪಲಿ, ಕಾಳುಮೆಣಸು, ಸೂಜಿಮೆಣಸು ಮೂರನ್ನೂ ತರಗತಿಗೆ ಒಯ್ದು, ಮೊದಲು ‘ಮೆಣಸು’ ಎಂಬುದರ ಹರಹನ್ನು ಮಕ್ಕಳಿಂದಲೇ ಹೇಳಿಸಿ, ಆಮೇಲೆ ‘ಪೆಪ್ಪರ್’ಗೆ ಬರುತ್ತೇನೆ.