ಅಪ್‌ಡೇಟ್: ಸ್ಪೋರ್ಟ್ ಸೀಟ್ ಕೂತ್ವು, ಏರ್‌ಬ್ಯಾಗ್ ಲೈಟೂ ಆರ್ತು

ಶರಣ್ರೀ ಎಲ್ಲಾರಿಗೂ. ನಮ್ಮ ಹ್ಯಾಚ್‌ಬ್ಯಾಕಿಗೆ ಹೊರಗಿನ ಸ್ಪೋರ್ಟ್ ಸೀಟ್ ಹಾಕಸ್ಲಿಕ್ಕೆ ಹೋದ್ರ ಬೋಲ್ಟಿನ ತೂತು ಕೂಡವಲ್ವು, ಏರ್‌ಬ್ಯಾಗ್ ಲೈಟ್ ಆರವಲ್ದು ಅಂತ ಕೇಳಿದ್ನಲ್ಲ, ಎರಡೂ ಬಗೆಹರದಾವ.

ಹಳೇ ರೇಲ್ (ಸೀಟ್ ಹಿಂದ ಮುಂದ ಸರಿಯೋ ಪಟ್ಟಿ) ಬಿಚ್ಚಿ ಹೊಸ ಸೀಟಿಗೆ ಹಾಕು ಅಂದಿದ್ರಿ, ಅದು ನಡೀಲಿಲ್ಲ. ರೇಲ್ ಫ್ರೇಮಿಗೇ ವೆಲ್ಡ್ ಆಗ್ಯಾವ. ನೆಲ ಕೊರೀಬ್ಯಾಡ, ಬ್ರಾಕೆಟ್ ಮಾಡಿಸು ಅಂದ ಅಣ್ಣಾರ ಮಾತೇ ಖರೆ ಆತು. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಾಗ ದಪ್ಪ ಉಕ್ಕಿನ ಪಟ್ಟಿ ಕಡಸಿ, ಕಂಪನಿ ತೂತಿಗೇ ಬಿಗಿಸಿದ್ವಿ. ಸೀಟ್ ಸ್ವಲ್ಪ ಎತ್ತರಾಗ್ಯದ, ಉದ್ದ ಇದ್ದವ್ರ ತಲಿ ಮ್ಯಾಲಿನ ಟಾಪಿಗೆ ತಾಗ್ತದ.

ಬ್ಯಾಟರಿ ತಗದು ಹಾಕಿದ್ರ ಲೈಟ್ ಹೋಗ್ತದ ಅಂದಿದ್ರಿ. ಊಹೂಂ. 2019ರ ಜುಲೈ ನಂತರದ ಗಾಡಿಗೆ ಸೀಟ್‌ಬೆಲ್ಟ್ ರಿಮೈಂಡರ್ ಕಡ್ಡಾಯ ಅದ, ಬೆಲ್ಟ್ ಸಿಗಿಸೋ ಬಕಲಿಗೂ ವೈರ್ ಇರ್ತದ; ಅದು ಬಿಚ್ಚಿದ್ದಕ್ಕೇ ನಮ್ಮ ಲೈಟ್ ಹತ್ತಿತ್ತು. ಹಳೇ ಬಕಲ್ ಹೊಸ ಸೀಟಿಗೆ ಹಾಕಿ, ವೈರ್ ಜೋಡಿಸಿ, ಸ್ಕ್ಯಾನರ್ ಹಚ್ಚಿ ಗಾಡಿ ಕಂಪ್ಯೂಟರಿನ್ಯಾಗ ಉಳಿದ ದೋಷದ ಕೋಡ್ ಅಳಿಸಿದ ಮ್ಯಾಲೇ ಆರ್ತು.

ರೆಸಿಸ್ಟರ್ (ಕರೆಂಟ್ ತಡಿಯೋ ಸಣ್ಣ ಬಿಡಿಭಾಗ) ಹಾಕು ಅಂದವ್ರ ಮಾತಿಗೆ ಮೆಕ್ಯಾನಿಕ್ ಒಪ್ಪಲೇ ಇಲ್ಲ. ಅದು ಸೀಟಿನ್ಯಾಗ ಸೈಡ್ ಏರ್‌ಬ್ಯಾಗ್ ಇದ್ದ ಗಾಡಿಯ ಲೈಟಿಗೆ ಮೋಸ ಮಾಡೋದು ಅಷ್ಟೇ, ಏರ್‌ಬ್ಯಾಗ್ ಅಂತೂ ಹೋದಂಗೇ. ನಮ್ಮ ಸೀಟಿನ್ಯಾಗ ಇರಲಿಲ್ಲ. ಹಳೇ ಸೀಟಿನ ಬದಿಗೆ ಏರ್‌ಬ್ಯಾಗ್ ಅಂತ ಚೀಟಿ ಇದ್ರ ಈ ಗೋಜಿಗೆ ಹೋಗಬ್ಯಾಡ್ರಿ.

ಯಾರೂ ಹೇಳದ ಮಾತು ಒಂದದ: ಕಲಬುರಗಿ ಬಿಸಲಾಗ ಕರೇ ರೆಕ್ಸಿನ್ ಅಂದ್ರ ರೊಟ್ಟಿ ಹಂಚು! ಬಟ್ಟಿ ಸೀಟೇ ತಗೋರಿ. ಹಳೇವು ಮಾತ್ರ ಗುಜರಿಗೆ ಹಾಕಬ್ಯಾಡ್ರಿ, ಗಾಡಿ ಮಾರೋ ಮುಂದ ಬೇಕಾಗ್ತಾವ.